ಮೊದಲೇ ಹಾಡಿಸಿದ ಮಂಗಳ

ಜಯದೇವಿ ಆಂಟಿ ಗದಗದವರು. ಹ್ಯೂಸ್ಟನ್ನಿನಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ಶುಗರ್ ಲ್ಯಾಂಡಿನ ಅವರ ಗ್ಯಾರೇಜಿನಲ್ಲಿ ಪ್ರತಿ ಶನಿವಾರ ಭಜನೆ. ಕಾರು ಹೊರಗೆ ಬಿಸಿಲಿನಲ್ಲಿ ಬೇಯುತ್ತದೆ, ಹಾರ್ಮೋನಿಯಂ ನೆರಳಿನಲ್ಲಿರುತ್ತದೆ. ನಮ್ಮವರು ಬರುವುದು ಪ್ರಸಾದದ ಹೊತ್ತಿಗೆ. ಕೊನೆಯವರೆಗೆ ಕೂತು ಕಲಿತವಳು ಮೆಗನ್ ಎಂಬ ಅಮೆರಿಕನ್ ಯೋಗ ಶಿಕ್ಷಕಿ. ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ‘ಮಂಗಳ’ದ ‘ಳ’ ಬಾರದೆ ಅವಳ ಕಣ್ಣು ತುಂಬಿದಾಗ ಆಂಟಿ, "ನಾಲಿಗಿ ಮಡಚವಾ, ಮುರಿಯೂದಿಲ್ಲ" ಎಂದು ಕನ್ನಡದಲ್ಲೇ ಗದರಿದ್ದರು. ಅವಳಿಗೆ ಅರ್ಥವಾಗಿತ್ತು.

ಮೆಗನ್ ಆಸ್ಟಿನ್ನಿನಲ್ಲಿ ಕೀರ್ತನ ತಂಡ ಕಟ್ಟಿ ಹೆಸರು ಮಾಡಿದ ಮೇಲೆ ಡಾಲಸ್ಸಿನ ಒಂದು ಕನ್ನಡ ಬಳಗಕ್ಕೆ ಭಜನೆಯ ನೆನಪಾಯಿತು. ೨೦೧೬ರ ಯುಗಾದಿಗೆ ಅವಳನ್ನು ಕರೆದರು. ಸಂಘಟಕ ನಂದಕುಮಾರ್ ಆಂಟಿಗೂ ಫೋನ್ ಮಾಡಿದರು: "ಬನ್ನಿ ಆಂಟಿ, ಫ್ರಂಟ್ ರೋ ಸೀಟ್ ಇಟ್ಟಿರ್ತೀವಿ. ಸ್ಟೇಜ್ ಮೇಲೆ ಮಾತ್ರ ಬೇಡ. ಇದು ಪ್ರೊಫೆಷನಲ್ ಪ್ರೋಗ್ರಾಂ."

ಆಂಟಿ ಹೋದರು. ಅವರ ಹಿಂದಿನ ಸಾಲಿನಲ್ಲಿ ಕೂತು ನಾನು ಕೇಳಿಸಿಕೊಂಡದ್ದನ್ನಷ್ಟೇ ಬರೆಯುತ್ತೇನೆ.

ಕಾರ್ಯಕ್ರಮ ಶುರುವಾಗುವ ಮೊದಲು ವೇದಿಕೆಯ ಮುಂದೆ ನಂದಕುಮಾರ್ ಮೆಗನ್‌ಗೆ ಹಾಡುಗಳ ಪಟ್ಟಿ ಕೊಟ್ಟರು; ಮೊದಲನೆಯದೇ ಮಂಗಳ. ಮಂಗಳ ಕೊನೆಗಲ್ಲವೇ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅದೇ ಬೆಸ್ಟ್ ಟ್ಯೂನ್, ಅದರಿಂದಲೇ ಸ್ಟಾರ್ಟ್ ಮಾಡಿ ಎಂದರು ನಂದಕುಮಾರ್.

"ಮಂಗಳ ಕಡೀಕ ಹಾಡೂದ್ರಿ," ಎಂದರು ಆಂಟಿ.

"ಪ್ಲೀಸ್ ಆಂಟಿ, ಆಡಿಯನ್ಸ್ ವಿಷಯ ನಮಗೆ ಬಿಡಿ."

ಮೆಗನ್ ಹಾಡಿದಳು. ‘ಳ’ ಸ್ವಚ್ಛವಾಗಿ ಬಂತು. ಹಿರಿಯರೆಲ್ಲ ಎದ್ದು ಕೈಮುಗಿದರು. ಮಂಗಳವಾದ ಮೇಲೆ ಇನ್ನೇನು, ಊಟದ ಕಡೆಗೆ ನಡೆದರು. "ಇಷ್ಟ ಲಗೂ ಮುಗೀತು? ಛಲೋ ಆತು, ಹೋಳಿಗಿ ಬಿಸಿ ಇರ್ತಾವ" ಎನ್ನುತ್ತ ಸಿದ್ರಾಮಪ್ಪ ಅಂಕಲ್ ಎಲ್ಲರಿಗಿಂತ ಮುಂದಿದ್ದರು.

ನಂದಕುಮಾರ್ ಮೈಕಿಗೆ ಓಡಿದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ! ಸಿಂಗರ್ ತಪ್ಪಿಲ್ಲ. ಇವರಿಗೆ ಕಲಿಸಿದವರು ಸರಿಯಾಗಿ ಹೇಳಿಕೊಟ್ಟಿಲ್ಲ."

ಎಂಥ ಸುಳ್ಳು! ಅದೂ ಆಂಟಿಯ ಎದುರೇ, ಅವರ ಶಿಷ್ಯೆಯ ಪಕ್ಕದಲ್ಲೇ ನಿಂತು. ಊಟಕ್ಕೆ ಹೊರಟವರೆಲ್ಲ ತಿರುಗಿ ಆಂಟಿಯನ್ನು ನೋಡಿದರು.

ಬೇಡವೆಂದಿದ್ದ ವೇದಿಕೆಯನ್ನು ಆಂಟಿ ಹತ್ತಿದರು. ಕೇಳದೆಯೇ ಮೈಕ್ ಕೈಗೆತ್ತಿಕೊಂಡರು.

"ನನ್ನ ಹುಡುಗಿ ಸರಿಯಾಗೇ ಕಲ್ತಾಳ. ಮಂಗಳ ಮೊದಲ ಹಾಡಸಿದವ್ರು ನೀವು. ಅದನ್ನ ಇದ ಮೈಕಿನ್ಯಾಗ ಹೇಳ್ರಿ, ನಂದಕುಮಾರ್."

ನಂದಕುಮಾರ್ ನಕ್ಕರು. "ಆಂಟಿ ಜೋಕ್ ಮಾಡ್ತಿದ್ದಾರೆ" ಎಂದು ಸೌಂಡಿನವರಿಗೆ ಕೈಸನ್ನೆ ಮಾಡಿದರು. ಮೈಕ್ ಸತ್ತಿತು. ಮೆಗನ್ ಹಾರ್ಮೋನಿಯಂ ಮುಚ್ಚಿದಳು. ಗುರು ಶಿಷ್ಯೆ ಇಬ್ಬರೂ ಊಟ ಮಾಡದೆ ಹೊರಟುಹೋದರು.

ಡಾಲಸ್ಸಿನಲ್ಲಿ ಇವತ್ತಿಗೂ ಜನ ಹೇಳುವುದು, ಜಯದೇವಿಯವರಿಗೆ ಭಜನೆಯ ಕ್ರಮ ಗೊತ್ತಿಲ್ಲವಂತೆ ಎಂದು. ಗೊತ್ತಿತ್ತು. ಹೇಳಿದ್ದರು. ನಂದಕುಮಾರ್ ಕೇಳಲಿಲ್ಲ.