ಹುಟ್ಟುಗೂದಲು

ಗುನ್ಸಾನ್ ಊರಿನ ಹಳೇ ಮಾರುಕಟ್ಟೆಯಲ್ಲಿ, ಒಣಮೀನಿನ ಅಂಗಡಿಗಳ ಸಾಲು ಮುಗಿಯುವ ಕಡೆ, ಸುನ್‌ದೊಕ್‌ಳ ಸಲೂನ್ ಇದೆ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಬಾಗಿಲ ಮೇಲೆ ಬಣ್ಣ ಮಾಸಿದ ಶಿಲುಬೆ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಅವಳು ಬೇರೆಯವರ ಪಾರ್ಲರಿನಲ್ಲಿ ನೆಲದ ಕೂದಲು ಗುಡಿಸಲು ಸೇರಿದ್ದಳು. ಗುಡಿಸುತ್ತಲೇ ಕತ್ತರಿ ಹಿಡಿಯುವುದನ್ನು ಕಲಿತಳು. ಮಾರುಕಟ್ಟೆಯ ಹೆಂಗಸರ ತಲೆಗಳೆಲ್ಲ ಅವಳ ಕೈಯಲ್ಲೇ ಗುಂಗುರಾಗಿ, ಅವಳ ಕಣ್ಣೆದುರೇ ಬೆಳ್ಳಗಾದವು.

ಚರ್ಚಿನಲ್ಲಿ ಅವಳದು ಕಡೇ ಸಾಲು. ಹಾಡಲು ರಾಗವಿಲ್ಲ, ಎದ್ದು ಪ್ರಾರ್ಥನೆ ಮಾಡಿ ಎಂದರೆ ಪಕ್ಕದವರ ಕಡೆ ಕೈ ತೋರಿಸುತ್ತಾಳೆ. ಪ್ರತಿ ಬೇಸಿಗೆಯಲ್ಲಿ ಸಭೆಯ ತಂಡವೊಂದು ಹೊರದೇಶದ ಸೇವೆಗೆ ಹೊರಡುತ್ತಿತ್ತು. ಆಗ ಅವಳ ಪಾಲಿಗೆ ಬರುತ್ತಿದ್ದುದು ಬಸ್ಸಿನಲ್ಲಿ ತಿನ್ನಲು ಅನ್ನದ ಕಿಂಬಾಪ್ ಸುತ್ತಿ ಕೊಡುವ ಕೆಲಸ ಮಾತ್ರ. ಬಸ್ಸು ತಿರುವು ದಾಟುವವರೆಗೂ ಕೈಬೀಸಿ, ಆಮೇಲೆ ಅಂಗಡಿ ತೆರೆಯುತ್ತಿದ್ದಳು.

ಒಂದು ವರ್ಷ ಪಾಸ್ಟರ್ ತಾಕ್ ತಾವೇ ಸಲೂನಿಗೆ ಬಂದರು.

"ಸುನ್‌ದೊಕ್ ಅಕ್ಕಾ, ಈ ಸಲ ಮಂಗೋಲಿಯಾ. ನೀವೂ ಬರ್ಬೇಕು. ಅಲ್ಲಿ ಜನಕ್ಕೆ ಕೂದಲು ಕತ್ತರಿಸೋ ಸೇವೆ ಇಡೋಣ ಅಂತಿದೀವಿ."

"ನಂಗೆ ದೇವರ ವಾಕ್ಯ ಹೇಳೋಕೆ ಬರಲ್ವಲ್ಲ ಪಾಸ್ಟರೇ."

"ನಿಮ್ಮ ಕತ್ತರಿ ಹೇಳುತ್ತೆ ಬಿಡಿ."

ಅಂದಿನಿಂದ ಆ ಮಾತು ಅವಳ ಜೊತೆಗೇ ಓಡಾಡಿತು. ಕತ್ತರಿಗಳನ್ನು ಸಾಣೆ ಹಿಡಿಸಿದಳು. ಪಕ್ಕದ ಮೀನಿನಂಗಡಿಯ ಓಕ್‌ರಿಮ್ ಬಾಗಿಲಲ್ಲಿ ನಿಂತು ನಕ್ಕಳು.

"ಅಲ್ಲಿ ಜನಕ್ಕಿಂತ ಕುದುರೆ ಜಾಸ್ತಿ ಅಂತೆ ಕಣೇ. ಕುದುರೆ ಬಾಲಕ್ಕೂ ಪರ್ಮ್ ಮಾಡ್ತೀಯೇನು?"

"ಸಾಲಲ್ಲಿ ಬಂದು ಕೂತ್ರೆ ಮಾಡ್ತೀನಿ."

ತಿಂಗಳುಗಟ್ಟಲೆ ತಯಾರಿ ನಡೆಯಿತು. ಎಲ್ಲರಿಗೂ ಒಂದೇ ಕಿತ್ತಳೆ ಬಣ್ಣದ ಅಂಗಿ. ಮಂಗೋಲಿಯನ್ ಭಾಷೆಯ ಹಾಡುಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿ, ಅದಕ್ಕೆ ಕೈಕಾಲು ಆಡಿಸುವುದನ್ನೂ ಕಲಿತರು. ಪೆಟ್ಟಿಗೆಗಳಲ್ಲಿ ನೂಡಲ್ಸ್, ಕಿಮ್ಚಿ, ಬಲೂನು, ಮಾತ್ರೆ. ಎಲ್ಲದರ ಮೇಲೆ ಮಡಿಸಿಟ್ಟ ಬ್ಯಾನರ್, ಏಕೆಂದರೆ ಬ್ಯಾನರ್ ಇಲ್ಲದ ಫೋಟೋ ಲೆಕ್ಕಕ್ಕಿಲ್ಲ. ಸಭೆಯ ಹಿರಿಯರಾದ ಮಾ ಅವರು ವರದಿಯ ಹೊಣೆ ಹೊತ್ತಿದ್ದರು. ಹಿಂದಿರುಗಿದ ಮೇಲಿನ ಭಾನುವಾರ ಎಷ್ಟು ಊರು, ಎಷ್ಟು ಮಕ್ಕಳು, ಎಷ್ಟು ತಲೆ ಎಂದು ಪರದೆಯ ಮೇಲೆ ತೋರಿಸಬೇಕಿತ್ತು.

ಮಂಗೋಲಿಯಾದಲ್ಲಿ ದರ್ಖಾನ್ ಪಟ್ಟಣ ದಾಟಿ ಹೋದರೆ ಒಂದು ಸಣ್ಣ ಊರು. ಅದರ ಅಂಚಿನಲ್ಲಿ ಹಲಗೆ ಬೇಲಿಗಳು, ಬೇಲಿಯೊಳಗೆ ಉಣ್ಣೆಯ ಗುಡಾರದ ಮನೆಗಳು. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಎಂದು ಗೊತ್ತುಮಾಡಿದ್ದರು. ಪ್ರಾರ್ಥನಾ ಮನೆಯ ಗೋಡೆಯ ನೆರಳಿನಲ್ಲಿ ಸುನ್‌ದೊಕ್‌ಳ ಕುರ್ಚಿ ಹಾಕಿದರು. ಸಾಲು ಬೇಲಿಯವರೆಗೂ ಬೆಳೆಯಿತು.

"ಬೇಗ ಅಕ್ಕಾ, ಬೇಗ," ಎಂದು ಮಾ ಹಿರಿಯರು ಹಾದುಹೋಗುವಾಗೆಲ್ಲ ಹೇಳುತ್ತಿದ್ದರು. ಅವಳಿಗೂ ಬೇಗ ಮಾಡುವುದು ರೂಢಿಯೇ. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಹೀಗೆಯೇ ಇರುತ್ತದೆ.

ಮಿಠಾಯಿ ಇಸಿದುಕೊಳ್ಳಲು ಬಂದ ಮಕ್ಕಳ ನಡುವೆ ನಾಲ್ಕು ವರ್ಷ ದಾಟಿದ ಒಂದು ಮಗು ತಾನಾಗಿ ಕುರ್ಚಿ ಹತ್ತಿ ಕುಳಿತಿತು. ಬೆನ್ನಿನ ಅರ್ಧಕ್ಕೆ ಬಂದ ಕೂದಲು, ಅಲ್ಲಲ್ಲಿ ಗಂಟು, ಅದಕ್ಕೊಂದು ಹಳೇ ನೀಲಿ ದಾರ. ಹುಡುಗಿಯೇ ಎಂದುಕೊಂಡಳು, ಪಕ್ಕದ ಮಕ್ಕಳು ಸನ್ನೆಯಲ್ಲಿ ಹುಡುಗ ಎಂದರು. ಸುನ್‌ದೊಕ್ ಒಂದು ಗಂಟನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಬಾಚುವವರು ಯಾರೂ ಇಲ್ಲವೇನೋ, ಪಾಪ. ದುಭಾಷಿ ಹುಡುಗಿ ನರನ್‌ತುಯಾ ಔಷಧಿಯ ಮೇಜಿನ ಹತ್ತಿರ ಹೋಗಿದ್ದಳು. ಅವಳು ಬರಲಿ ಎಂದು ಸುನ್‌ದೊಕ್ ಒಂದು ಕ್ಷಣ ಕತ್ತರಿ ತಡೆದದ್ದು ನಿಜ. ಸಾಲಿನ ಕಡೆ ನೋಡಿದಳು. ಆಮೇಲೆ ನೀಲಿ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಮಾ ಹಿರಿಯರು ಮೊದಲೊಂದು ಫೋಟೋ ತೆಗೆದರು, ಮುಗಿದ ಮೇಲೆ ಇನ್ನೊಂದು. ತಲೆ ನುಣ್ಣಗಾಗಿ, ಕಿವಿ ಎರಡೂ ಹೊರಗೆ ಬಂದು, ಮಗು ಕನ್ನಡಿ ನೋಡಿ ನಕ್ಕಿತು. ತಂಡದವರು ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ನರನ್‌ತುಯಾ ಬಂದಳು. ಮಗುವನ್ನು ನೋಡಿ ನಿಂತುಬಿಟ್ಟಳು. ಅವಳ ಹಿಂದೆಯೇ, ಬೇಲಿಯ ಕಡೆಯಿಂದ, ಹಾಲಿನ ಪಾತ್ರೆ ಹಿಡಿದ ಮುದುಕಿಯೊಬ್ಬಳು ಬಂದಳು. ಅದು ಮಗುವಿನ ಅಜ್ಜಿ, ದುಲ್ಮಾ. ಅವಳು ಕೂಗಾಡಲಿಲ್ಲ. ಪಾತ್ರೆ ಕೆಳಗಿಟ್ಟು ನೆಲದ ಮೇಲೆ ಕೂತು, ಅಲ್ಲಿ ಬಿದ್ದಿದ್ದ ಕೂದಲನ್ನು ಮಡಿಲಿಗೆ ಬಾಚಿಕೊಳ್ಳತೊಡಗಿದಳು. ಅದರಲ್ಲಿ ಬೇರೆಯವರ ಕೂದಲೂ ಸೇರಿತ್ತು. ಬಾಚುತ್ತಲೇ ನರನ್‌ತುಯಾಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದಳು.

"ಏನಂತಾರೆ?" ಎಂದು ಸುನ್‌ದೊಕ್ ಕೇಳಿದಳು.

ನರನ್‌ತುಯಾ ತಲೆ ತಗ್ಗಿಸಿ ಹೇಳಿದಳು. "ಅದು ಹುಟ್ಟುಗೂದಲು ಅಕ್ಕಾ. ಹುಟ್ಟಿದಾಗಿಂದ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ. ಮೂರನೇ ವರ್ಷಕ್ಕೆ ನೆಂಟರನ್ನೆಲ್ಲ ಕರೆದು ತೆಗೀಬೇಕಿತ್ತು. ಅಪ್ಪ ಬರೋಕಾಗ್ಲಿಲ್ಲ ಅಂತ ಐದಕ್ಕೆ ಬಿಟ್ಟಿದ್ರು. ಮೊದಲನೇ ಕತ್ತರಿ ಅಪ್ಪಂದು ಅಂತ."

"ಅಪ್ಪ ಎಲ್ಲಿದಾನೆ?"

"ನಿಮ್ಮ ದೇಶದಲ್ಲೇ. ಆನ್ಸಾನಲ್ಲಿ, ಲೋಹಕ್ಕೆ ಮೆರುಗು ಹಾಕೋ ಫ್ಯಾಕ್ಟರೀಲಿ. ಮಗು ಕೂಸಾಗಿದ್ದಾಗ ಹೋದೋರು ಬಂದಿಲ್ಲ. ಬರೋ ಹೊಸ ವರ್ಷದ ಹಬ್ಬಕ್ಕೆ ಇದಕ್ಕೋಸ್ಕರನೇ ಬರ್ತಾರಂತೆ."

ಸುನ್‌ದೊಕ್ ಮುದುಕಿಯ ಎದುರು ಮೊಣಕಾಲೂರಿದಳು. ಕ್ಷಮೆ ಕೇಳಲು ಅವಳಿಗೆ ಭಾಷೆ ಇರಲಿಲ್ಲ. ಕೈ ಮಾತ್ರ ಇತ್ತು. ಒಮ್ಮೆಯೂ ಕತ್ತರಿ ತಾಗದ ಕೂದಲಿನ ತುದಿ ಹುಲ್ಲಿನ ಎಳೆಯ ಹಾಗೆ ಸಣ್ಣಗೆ ಮೊನಚಾಗಿರುತ್ತದೆ. ಒಮ್ಮೆ ಕತ್ತರಿಸಿದ್ದರೆ ತುದಿ ಮೊಂಡು. ಅವಳು ಎಳೆ ಎಳೆಯಾಗಿ ಬೆರಳಿನಿಂದ ಸವರಿ ನೋಡಿ ಮಗುವಿನದನ್ನು ಬೇರೆ ಮಾಡುತ್ತ ಹೋದಳು. ಮುದುಕಿ ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಪಟ್ಟಿ ಬಿಚ್ಚಿ ಹಾಸಿದಳು. ಇಬ್ಬರೂ ಆ ಎಳೆಗಳನ್ನು ಅದರ ಮೇಲೆ ಜೋಡಿಸುತ್ತ ಹೋದರು. ಮಗು ಅಜ್ಜಿಯ ಭುಜಕ್ಕೆ ಜೋತುಬಿದ್ದು ಮಿಠಾಯಿ ಚೀಪುತ್ತಿತ್ತು.

ಬಸ್ಸಿನ ಹಾರ್ನ್ ಕೇಳಿಸಿತು.

"ಅಕ್ಕಾ, ಬನ್ನಿ ಬನ್ನಿ, ಆ ಊರಲ್ಲಿ ಜನ ಕಾಯ್ತಿದಾರೆ," ಎಂದರು ಮಾ ಹಿರಿಯರು. ವಿಷಯ ಕೇಳಿ ಅವರ ಮುಖವೂ ಸಣ್ಣಗಾಯಿತು. "ಗೊತ್ತಿಲ್ದೆ ಆಗೋಯ್ತು. ಆದ್ರೂ ಕೂದಲು ತಾನೇ, ಬೆಳೆಯುತ್ತೆ. ಅಜ್ಜಿಗೆ ಒಂದು ಕಂಬಳಿ, ಒಂದು ಡಬ್ಬ ನೂಡಲ್ಸ್ ಜಾಸ್ತಿ ಕೊಡಿಸ್ತೀನಿ."

"ಇನ್ನೂ ಅರ್ಧನೂ ಆಗಿಲ್ಲ ಹಿರೀರೇ."

"ಪಾಸ್ಟರ್ ಕಾಯ್ತಿದಾರೆ ಅಕ್ಕಾ."

ಅವಳು ಎದ್ದಳು. ಯಾಕೆ ಎದ್ದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಕರೆದರೆ ಎದ್ದು ಹೋಗುವುದು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಅಂಟಿದ ಅಭ್ಯಾಸ, ಅಷ್ಟೇ. ಜೇಬಿನಲ್ಲಿದ್ದ ನೀಲಿ ದಾರ ನೆನಪಾದದ್ದು ಬಸ್ಸು ಬಹಳ ದೂರ ಬಂದ ಮೇಲೆ.

ವರದಿಯ ಭಾನುವಾರ ಪರದೆಯ ಮೇಲೆ ಆ ಎರಡು ಫೋಟೋ ಅಕ್ಕಪಕ್ಕ ಬಂದವು. ಅವತ್ತಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಪಾಸ್ಟರ್ ಅವಳ ಕೈಗೆ ಮೈಕ್ ಕೊಟ್ಟರು. "ಅಕ್ಕಾ, ಒಂದು ಸಾಕ್ಷಿ ಹೇಳಿ." ಅವಳು ಜನರ ಕಡೆ ನೋಡಿದಳು. ಹೇಳಬೇಕಾದದ್ದು ಬಾಯಿಗೆ ಬಂದಿತ್ತು.

"ದೇವರ ದಯೆಯಿಂದ ಎಲ್ಲ ಚೆನ್ನಾಗಾಯ್ತು," ಎಂದು ಹೇಳಿ ಕೂತಳು.

ಅದಾದ ಮೇಲೆ ನಿದ್ದೆ ಸರಿಹೋಗಲಿಲ್ಲ. ನರನ್‌ತುಯಾಗೆ ಫೋನ್ ಮಾಡಿ ಮಗುವಿನ ಅಪ್ಪನ ನಂಬರ್ ತೆಗೆದುಕೊಂಡಳು. ಹೆಸರು ಬಾತ್ಸುಖ್. ಶರತ್ಕಾಲದ ಸುಗ್ಗಿ ಹಬ್ಬದ ರಜೆಯಲ್ಲಿ ಬಸ್ಸು ಹತ್ತಿ ಆನ್ಸಾನಿಗೆ ಹೋದಳು. ಅವನು ನಿಲ್ದಾಣಕ್ಕೇ ಬಂದಿದ್ದ. ಮಂಗೋಲಿಯನ್ ಹೋಟೆಲಿಗೆ ಕರೆದುಕೊಂಡು ಹೋಗಿ, ಕೇಳದೆಯೇ ಮಾಂಸದ ಕಡುಬು ತರಿಸಿದ.

"ತಿನ್ನಿ ಅಮ್ಮಾ. ನಮ್ಮೂರಿಗೆ ಹೋಗಿದ್ರಂತೆ. ನಮ್ಮಮ್ಮ ಏನಾದ್ರೂ ಕೊಟ್ಟು ಕಳಿಸಿದಾರಾ?"

ಅವನ ತಾಯಿ ಆಗಲೇ ಹೇಳಿರುತ್ತಾಳೆ ಎಂದು ಸುನ್‌ದೊಕ್ ನಂಬಿದ್ದಳು. ಮೇಜಿನ ಮೇಲೆ ನೀಲಿ ದಾರ ಇಟ್ಟಳು. ಕಣ್ಣೆತ್ತದೆ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ನೋಡಿದರೆ ಅವನ ಮುಖದಿಂದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು.

"ಅದಕ್ಕೇ," ಎಂದ ಅವನು. "ಈಚೆಗೆ ವಿಡಿಯೋ ಕಾಲಲ್ಲಿ ಟೋಪಿ ಹಾಕ್ಕೊಂಡೇ ಕೂರ್ತಾನೆ. ಸೆಕೇಲೂ ಟೋಪಿ ಯಾಕೋ ಮಗನೇ ಅಂತ ನಗಾಡ್ತಿದ್ದೆ."

ಸುನ್‌ದೊಕ್ ತಟ್ಟೆ ಪಕ್ಕಕ್ಕೆ ಸರಿಸಿದಳು.

"ನಿಮ್ಗೆ ಗೊತ್ತಿಲ್ವಾ?"

"ಹೇಳಿದ್ರೆ ನಾನು ಬರಲ್ಲ ಅಂತ ಅಮ್ಮಂಗೆ ಭಯ." ಅವನು ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಪರವಾಗಿಲ್ಲ ಅಮ್ಮಾ. ಬೇಕು ಅಂತ ಮಾಡಿದ್ದಲ್ಲವಲ್ಲ. ನೀವು ದೊಡ್ಡೋರು, ಇಷ್ಟು ದೂರ ಬಂದಿದೀರಿ."

"ಹಬ್ಬಕ್ಕೆ ಹೋಗ್ತೀರಲ್ಲ?"

"ಫ್ಯಾಕ್ಟರಿ ಯಜಮಾನ್ರಿಗೆ, ನಮ್ಮಲ್ಲಿ ಹುಟ್ಟುಗೂದಲು ತೆಗೆಯೋದು ನಿಮ್ಮ ಮಕ್ಕಳ ಮೊದಲನೇ ಹುಟ್ಟುಹಬ್ಬದ ಹಾಗೆ ಅಂತ ಹೇಳಿ ರಜ ಒಪ್ಪಿಸಿದ್ದೆ. ಈಗ ಏನಂತ ಕೇಳ್ಲಿ? ಆ ಒಂದು ರಜಕ್ಕೆ ಇನ್ನೂ ಮೂವರು ಕಾಯ್ತಿದಾರೆ. ಇನ್ನೊಂದಷ್ಟು ವರ್ಷ ಇಲ್ಲೇ ಇರು ಅಂತಾನೂ ಅಂದಿದಾರೆ."

"ಕೂದಲು ಹೋದ್ರೆ ಹೋಯ್ತು, ಮಗ ಇದಾನಲ್ಲಪ್ಪಾ. ಅವನನ್ನ ನೋಡೋಕೆ ಹೋಗು."

"ಹೋಗ್ತೀನಿ ಅಮ್ಮಾ, ಹೋಗ್ತೀನಿ. ತಿನ್ನಿ, ಆರಿಹೋಗುತ್ತೆ."

ಅವಳು ತಿಂದಳು. ಅವನು ತಿನ್ನಲಿಲ್ಲ.

ಹೊಸ ವರ್ಷದ ಹಬ್ಬ ಕಳೆದ ಮೇಲೆ ನರನ್‌ತುಯಾಗೆ ಫೋನ್ ಮಾಡಿದಳು. "ಬರ್ಲಿಲ್ಲ ಅಕ್ಕಾ," ಎಂದಳು ಹುಡುಗಿ. "ಅಜ್ಜಿ ಆ ಪಟ್ಟಿ ಬಿಚ್ಚಿ ನೆಂಟರಿಗೆ ತೋರಿಸಿದ್ರು. ಕೂದಲು ಸ್ವಲ್ಪನೇ ಇತ್ತು."

ಮುಂದಿನ ಬೇಸಿಗೆಯಲ್ಲಿ ಪಾಸ್ಟರ್ ಮತ್ತೆ ಕರೆದರು. ಬರುವುದಿಲ್ಲ ಎಂದಳು ಸುನ್‌ದೊಕ್. ಯಾಕೆ ಎಂಬುದನ್ನೂ ಈ ಸಲ ಹೇಳಿದಳು. ಪಾಸ್ಟರ್ ಅವಳಿಗಾಗಿ ಪ್ರಾರ್ಥಿಸಿ ಹೋದರು. ಚರ್ಚಿನ ಮೆಟ್ಟಿಲ ಗೋಡೆಗೆ ಹಾಕಿದ್ದ ಆ ಜೋಡಿ ಫೋಟೋವನ್ನು ತೆಗೆಸುತ್ತೇನೆ ಎಂದರು; ಆಮೇಲೂ ಅದು ಅಲ್ಲೇ ಇತ್ತು.

ಹೊರಡುವ ಬೆಳಿಗ್ಗೆ ಅವಳು ಎಂದಿನಂತೆ ಕಿಂಬಾಪ್ ತಂದಳು. ಅವಳ ಜಾಗದಲ್ಲಿ ಹೊರಟಿದ್ದವಳು ಕಾಲೇಜಿನಲ್ಲಿ ಕೇಶವಿನ್ಯಾಸ ಕಲಿಯುತ್ತಿದ್ದ ಹಾನಾ. ಕಿತ್ತಳೆ ಅಂಗಿ ಅವಳಿಗೆ ಸಡಿಲವಾಗಿತ್ತು. ಸುನ್‌ದೊಕ್ ಅವಳನ್ನು ಬಸ್ಸಿನ ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ನೋಡಮ್ಮಾ, ಸಣ್ಣ ಮಕ್ಕಳು ಬಂದ್ರೆ ಸುಮ್ನೆ ಕತ್ತರಿ ಹಾಕ್ಬೇಡ. ದುಭಾಷಿನ ಕರೆದು ಮೊದಲು ಮನೆಯೋರನ್ನ ಕೇಳು."

"ಕೇಳ್ತೀನಿ ಅತ್ತೆ," ಎಂದಳು ಹಾನಾ. ಆಮೇಲೆ ತುಸು ಯೋಚಿಸಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು. "ಸಾಲು ಉದ್ದ ಇದ್ರೆ?"

ಡ್ರೈವರ್ ಹಾರ್ನ್ ಹೊಡೆದ. ಸುನ್‌ದೊಕ್ ಕಿಂಬಾಪಿನ ಪೊಟ್ಟಣವನ್ನು ಹುಡುಗಿಯ ಕೈಗಿಟ್ಟಳು. ಆ ಕೈಯನ್ನು ಬಿಡಲಿಲ್ಲ. ಮಾ ಹಿರಿಯರು ಒಳಗಿನಿಂದ ಬೇಗ, ಬೇಗ ಎಂದು ಕೂಗುತ್ತಲೇ ಇದ್ದರು.