ಅಕ್ಕನ ತೂಕಕ್ಕೆ ಬಿಗಿದ ಬೋಲ್ಟು

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕೋಲಾರದಿಂದ ಹೊರಟೆ. ನನ್ನ ಹಳೆಯ ಪುಟ್ಟ ಜೀಪು, ಫ್ಲಾಸ್ಕಿನಲ್ಲಿ ಕಾಫಿ, ಪಕ್ಕದ ಸೀಟಿನ ಮೇಲೆ ಬೆಂಗಳೂರಿನಿಂದ ತರಿಸಿದ ಕೆಂಪು ಪಾಲಿಯುರೆಥೇನ್ ಬುಷ್‌ಗಳ ಡಬ್ಬ. ಕೆಜಿಎಫ್‌ನಲ್ಲಿ ಅವನ್ನು ಹಾಕಿಸಿ, ಕಾಮಸಮುದ್ರದ ಪಕ್ಕದ ಹಳ್ಳಿಗೆ ಹೋಗಿ, ಅಕ್ಕನನ್ನು ಕೂರಿಸಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಭಾನುವಾರ ನನ್ನ ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಕ್ಕ. ನನ್ನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಆದರೆ ಅಕ್ಕ ಬರುವುದಿಲ್ಲ ಎಂದು ಕೂತಿದ್ದಳು. ನಾಲ್ಕು ತಿಂಗಳ ಹಿಂದೆ ಬೆನ್ನಿನ ಆಪರೇಷನ್ ಆಗಿತ್ತು. ಕಾರಿನ ತಗ್ಗು ಸೀಟಿಗೆ ಬಗ್ಗಿ ಕೂರಲಾರಳು, ಬಸ್ಸಿನ ಮಾತೇ ಇಲ್ಲ. ಎತ್ತರದ ಸೀಟಾದರೆ ಆದೀತು, ಕುಲುಕಾಟ ಮಾತ್ರ ಕೂಡದು ಎಂದಿದ್ದರು ಡಾಕ್ಟರು. ಹಿಂದಿನ ತಿಂಗಳು ಜೀಪಿನಲ್ಲಿ ತಪಾಸಣೆಗೆ ಕರೆದೊಯ್ದಾಗ, ಅವರ ಊರಾಚೆಯ ಮೋರಿಯ ಮೇಲೆ ಗಾಡಿ ಧಡಾರನೆ ಕುಕ್ಕಿ, ಅವಳು ಮೂರು ದಿನ ಹಾಸಿಗೆ ಹಿಡಿದಳು.

"ಫೋಟೋ ಕಳ್ಸು, ನೋಡ್ಕೊತೀನಿ. ನಿನ್ನ ಜೀಪ್ನಾಗೆ ಮಾತ್ರ ಕೂರಲ್ಲ" ಎಂದು ಫೋನ್ ಇಟ್ಟಿದ್ದಳು.

ತಪ್ಪು ರಬ್ಬರಿನದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಚಕ್ರದ ಮೇಲಿನ ಕಮಾನು ಪಟ್ಟಿಗಳ ತುದಿಯಲ್ಲಿ, ಬೋಲ್ಟಿನ ಸುತ್ತ ಕೂರುವ ಬುಷ್‌ಗಳು ರಸ್ತೆಯ ಏಟು ತಿನ್ನಬೇಕು. ಹೊಸ ರಬ್ಬರಿನವು ಹಾಕಿಸಿ ಆರು ತಿಂಗಳಿಗೇ ಲಡಲಡ ಶುರುವಾಗಿತ್ತು. ಪಾಲಿಯುರೆಥೇನ್ ರಬ್ಬರಿಗಿಂತ ಗಟ್ಟಿ, ವರ್ಷಗಟ್ಟಲೆ ತಿರುಗಿ ನೋಡಬೇಕಿಲ್ಲ ಎಂದು ಎಲ್ಲರೂ ಹೇಳಿದರು. ನಾನೋ, ಒಮ್ಮೆ ತೀರ್ಮಾನಿಸಿದರೆ ಮುಗಿಯಿತು, ನನ್ನ ಮಾತೇ ಕೊನೆ.

ಬಂಗಾರಪೇಟೆಯಲ್ಲಿ ಇಡ್ಲಿ ತಿಂದೆ. ಚಟ್ನಿ ಖಾರವಾಗಿತ್ತು, ಚಳಿಗೆ ಹಿತವೆನಿಸಿತು. ಎಂಟೂವರೆ ಹೊತ್ತಿಗೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಸೆಲ್ವರಾಜು ಅವರ ಶೆಡ್ಡಿನ ಮುಂದೆ ನಿಂತಿದ್ದೆ. ಅರವತ್ತು ದಾಟಿದ ಮೆಕ್ಯಾನಿಕ್. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ನನ್ನ ಕೆಂಪು ಬುಷ್‌ಗಳ ಡಬ್ಬ ಪಕ್ಕಕ್ಕಿಟ್ಟು, ಮೊದಲು ಜೀಪಿನ ಒಂದು ಹಳೆಯ ಬುಷ್ ಬಿಚ್ಚಿ ನನ್ನ ಅಂಗೈಗೆ ಹಾಕಿದರು.

"ಪಾರುಂಗ, ನೋಡಿ ಮೇಡಂ, ಇದು ಸವೆದಿಲ್ಲ. ತಿರುಚ್ಕೊಂಡು ಹರಿದೋಗಿದೆ. ಬೋಲ್ಟ್ ಬಿಗಿಯುವಾಗ ಗಾಡಿ ಎಲ್ಲಿತ್ತು?"

"ಜಾಕ್ ಮೇಲೆ."

"ಚಕ್ರ ಜೋತಾಡ್ತಿತ್ತು. ಆಮೇಲೆ ಇಳಿಸಿದ್ರಿ, ತೂಕ ಬಿತ್ತು, ಕಮಾನು ಬಗ್ಗಿತು. ಬುಷ್ ಮಾತ್ರ ಬಿಗಿದ ಜಾಗದಲ್ಲೇ ಸಿಕ್ಕಾಕ್ಕೊಂಡು ಹಗಲೂ ರಾತ್ರಿ ತಿರುಚ್ಕೊಂಡೇ ಇತ್ತು. ಹರಿಯದೆ ಏನ್ ಮಾಡ್ತದೆ?"

ನನ್ನ ಮುಖ ಸಣ್ಣದಾಯಿತು. ಆ ಬುಷ್ ಹಾಕಿಸಿದ ದಿನ ಕೋಲಾರದ ಮೆಕ್ಯಾನಿಕ್ "ಕೆಳಗಿಳಿಸಿ ಬಿಗಿತೀನಿ" ಎಂದೇ ಹೇಳಿದ್ದ. "ಹೊತ್ತಾಯ್ತು, ಹಾಗೇ ಬಿಗಿಯಪ್ಪ" ಎಂದು ಅವಸರ ಮಾಡಿದವಳು ನಾನು. ಅಕ್ಕನ ಮೂರು ದಿನದ ನೋವು ನನ್ನ ಅವಸರದ್ದು ಎಂದು ಅಲ್ಲಿ ನಿಂತು ಅರ್ಥವಾಯಿತು. ಆದರೂ ಜಂಬ ಬಿಡಲಿಲ್ಲ.

"ಹಾಗಾದ್ರೆ ಈ ಕೆಂಪುದನ್ನೇ ಹಾಕಿ. ಹರಿಯೋ ಭಯವೇ ಇಲ್ಲ."

"ಹರಿಯಲ್ಲ, ನಿಜ. ಗುಡ್ಡ ಹತ್ತೋ ಹುಡುಗ್ರಿಗೆ ನಾನೇ ಹಾಕಿ ಕೊಡ್ತೀನಿ. ಆದ್ರೆ ಗಟ್ಟಿ ಮೇಡಂ, ರಸ್ತೆ ಏಟನ್ನ ತಾನು ತಿನ್ನಲ್ಲ, ಕೂತೋರಿಗೆ ಕೊಡ್ತದೆ. ನಿಮ್ಮ ಗಾಡೀಲಿ ಕೂರೋದು ಯಾರು?"

ಹೇಳಿದೆ. ಅವರು ಒಳಗೆ ಹೋಗಿ ಕಪ್ಪು ರಬ್ಬರಿನ ಸೆಟ್ ತಂದರು. ನಾನು ಡಬ್ಬ ಮುಚ್ಚಿ ಸೀಟಿನಡಿಗೆ ತಳ್ಳಿದೆ.

ಮಧ್ಯಾಹ್ನಕ್ಕೆ ಬುಷ್‌ಗಳು ಕೂತವು, ಗಾಡಿ ನೆಲಕ್ಕಿಳಿಯಿತು. ಬೋಲ್ಟುಗಳು ಇನ್ನೂ ಸಡಿಲ. ಸೆಲ್ವರಾಜು ಶೆಡ್ಡಿನ ಹಿಂದಿನ ತಮ್ಮ ಮನೆಯ ಕಡೆ ತಿರುಗಿ "ಶಾಂತೀ" ಎಂದರು. ಅವರ ಹೆಂಡತಿ ಅವರೆಕಾಯಿ ತುಂಬಿದ ದೊಡ್ಡ ಬೇಸನ್ ಹೊತ್ತು ಬಂದು, ನೇರವಾಗಿ ಪಕ್ಕದ ಸೀಟು ಹತ್ತಿ ಕೂತರು. ನನಗೆ ಸ್ಟೇರಿಂಗ್ ಮುಂದೆ ಕೂರಲು ಅಪ್ಪಣೆಯಾಯಿತು. ರಸ್ತೆಯಲ್ಲಿ ಎಷ್ಟು ತೂಕ ಕೂರುತ್ತದೋ ಅಷ್ಟು ಹೇರಿಯೇ ಬೋಲ್ಟು ಬಿಗಿಯುವುದು ಈ ಶೆಡ್ಡಿನ ಪದ್ಧತಿಯಂತೆ.

"ಬಾಣಂತೀರು, ಮುದುಕೀರು, ಎಲ್ಲಾರ ಪರವಾಗೂ ಕೂತಿದ್ದೀನಿ ಅಕ್ಕ" ಎಂದರು ಶಾಂತಿ, ಕಾಯಿ ಸುಲಿಯುತ್ತಾ. "ಒಂದು ಸಲಾನೂ ಗಾಡಿ ಮುಂದಕ್ಕೆ ಓಗಿಲ್ಲ. ನಿಮ್ಮಕ್ಕ ನನ್ನಷ್ಟೇ ಇದ್ದಾರಾ?"

"ಇದ್ದಳು. ಆಪರೇಷನ್ ಆದ ಮೇಲೆ ತುಂಬಾ ಇಳಿದುಹೋಗಿದ್ದಾಳೆ" ಎಂದೆ.

ಶಾಂತಿ ಒಂದು ಕ್ಷಣ ನನ್ನ ಮುಖ ನೋಡಿ, ಬಾಗಿಲು ತೆರೆದು ಬೇಸನ್ ಅನ್ನು ನಿಧಾನವಾಗಿ ನೆಲಕ್ಕಿಳಿಸಿದರು. "ಈಗ ಸರಿಯಾಯ್ತು ಬಿಡಿ" ಎಂದರು. ಅರ್ಧ ಗಂಟೆ ಇಬ್ಬರೂ ಎಲ್ಲಿಗೂ ಹೋಗದ ಜೀಪಿನಲ್ಲಿ ಕೂತು ಹರಟಿದೆವು. ಕೆಳಗಿನಿಂದ ಸ್ಪ್ಯಾನರಿನ ಕಿರಕಿರ ಕೇಳುತ್ತಿತ್ತು.

ಕಾಮಸಮುದ್ರದ ಹಾದಿಯಲ್ಲಿ ಬಿಸಿಲು ಏರಿತ್ತು. ಹೊಲಗಳಲ್ಲಿ ಟೊಮೆಟೊ ಕೀಳುತ್ತಿದ್ದರು. ಅಕ್ಕ ಬಾಗಿಲಲ್ಲೇ ನಿಂತು ಜೀಪನ್ನು ಮೇಲಿಂದ ಕೆಳಗೆ ನೋಡಿದಳು. ತಪ್ಪು ನನ್ನದೆಂದು ಒಪ್ಪಿಕೊಂಡೆ, ಶಾಂತಿ ಅವರ ಬೇಸನ್ನಿನ ಕಥೆಯನ್ನೂ ಹೇಳಿದೆ. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಯಾರೋ ಮಾರಾಯ್ತಿ ನನಗೋಸ್ಕರ ಕೂತವ್ಳೆ ಅಂದ್ಮೇಲೆ ನಾನು ಕೂರ್ದಿದ್ರೆ ಎಂಗೆ" ಎಂದಳು. ಭಾವ ಸ್ಟೂಲು ಇಟ್ಟರು. ಹತ್ತಿದಳು.

ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. ನಾನು ಇಪ್ಪತ್ತರ ವೇಗ ದಾಟಲಿಲ್ಲ. ಗಾಡಿ ಒಮ್ಮೆ ಮೆತ್ತಗೆ ಎದ್ದು ಕೂತಿತು, ಅಷ್ಟೆ.

"ಮೋರಿ ಬಂದ್ರೆ ಯೋಳು ಕಣೇ."

"ಆಗಲೇ ದಾಟಿತಲ್ಲ."

ಕಣ್ಣು ತೆರೆದು ಹಿಂದಕ್ಕೆ ನೋಡಿದಳು. ಒಂದು ಕೈ ಕಂಬಿ ಬಿಟ್ಟಿತು, ಸ್ವಲ್ಪ ದೂರ ಹೋದ ಮೇಲೆ ಇನ್ನೊಂದೂ ಬಿಟ್ಟಿತು. ನನಗೆ ಅಬ್ಬಾ ಎನಿಸಿತು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಅಲ್ಲಿ ಬಿಟ್ಟೆ.

ಬಂಗಾರಪೇಟೆಗೆ ನೆಟ್ಟಗೆ ಹೋಗುವ ರಸ್ತೆಯಿಂದ ಎಡಕ್ಕೆ ಬೂದಿಕೋಟೆಯ ದಾರಿ ಒಡೆಯುವ ಕಡೆ ಅಕ್ಕ ನನ್ನ ತೋಳು ತಟ್ಟಿದಳು.

"ಇಂಗೆ ಓಗು. ನಾಲ್ಕು ತಿಂಗಳಿಂದ ಒಂದೇ ಗೋಡೆ ನೋಡಿ ಸಾಕಾಗೈತೆ."

"ಅಕ್ಕ, ಅದು ಸುತ್ತು ದಾರಿ. ಗುಂಡಿಗಳೂ ಜಾಸ್ತಿ."

"ಗೊತ್ತು ಕಣೇ, ತಿರುಗ್ಸು."

ತಿರುಗಿಸಿದೆ.