ಹವಾಲ್ದಾರನ ಇಸ್ತ್ರಿ

ಇಸ್ತ್ರಿಯಾದ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಇನಾಸನ ಹಳೇ ಅಭ್ಯಾಸ. "ಗೆರಿ ಸೊಟ್ಟ ಐತಿ" ಎನ್ನುತ್ತಿದ್ದ. ಹೆಂಡತಿ ಕ್ಯಾರೊಲಿನ್ ಮರುಮಾತಾಡದೆ ಮತ್ತೊಮ್ಮೆ ತಿಕ್ಕುತ್ತಿದ್ದಳು. ಅರಬ್ ದೇಶದ ಈ ಊರಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಮೂರು ಮನೆಗಳ ನೆಲ ಒರೆಸಿ, ಪಾತ್ರೆ ತೊಳೆದು ಬಂದ ಕೈ ಅದು. ಆದರೆ ಗಂಡ ಹದಿನೇಳು ವರ್ಷ ಗಡಿ ಕಾದ ಹವಾಲ್ದಾರ. ಬಂದೂಕು ಹಿಡಿದವನ ಕೈಗೆ ಪೊರಕೆ ಕೊಡುವುದು ಹೇಗೆ? ಅವನು ಕುಡಿದ ಲೋಟವನ್ನೂ ಎತ್ತಿಟ್ಟವನಲ್ಲ. ಈಗ ಅಲ್ ಕೂಜ್‌ನ ಗೋದಾಮೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್.

ಇಬ್ಬರೂ ಹಳಿಯಾಳದ ಸಿದ್ದಿಗಳು. ಕಪ್ಪು ಮೈ, ಗುಂಗುರು ಕೂದಲು ಕಂಡ ಜನ "ಉಗಾಂಡಾನಾ, ಕೀನ್ಯಾನಾ?" ಎನ್ನುತ್ತಾರೆ. ಇಂಡಿಯಾ ಎಂದರೆ ನಗುತ್ತಾರೆ. ಆಗ ಇನಾಸ್ ಮಾಜಿ ಸೈನಿಕನ ಕಾರ್ಡು ತೆಗೆದು ತೋರಿಸುತ್ತಿದ್ದ. ಪಕ್ಕದಲ್ಲಿ ನಿಂತ ಕ್ಯಾರೊಲಿನ್‌ಳ ಬೆನ್ನೂ ನೆಟ್ಟಗಾಗುತ್ತಿತ್ತು.

ಆ ಭಾನುವಾರ ಅವಳು ಹೊಸದಾಗಿ ಕೆಲಸ ಹಿಡಿದ ಮನೆಯಲ್ಲಿದ್ದಳು. ಯಜಮಾನನ ತಾಯಿ, ಕರ್ನಲ್ ಒಬ್ಬರ ವಿಧವೆ, ದಿಲ್ಲಿಯಿಂದ ಬಂದಿದ್ದರು. ಇಗರ್ಜಿಯ ಪೂಜೆಗೆ ಹೊತ್ತಾಯಿತೆಂದು ಕೆಳಗೆ ಕಾಯುತ್ತಿದ್ದ ಇನಾಸ್ ಮೇಲೆಯೇ ಬಂದು ಬೆಲ್ ಒತ್ತಿದ. ಬಾಗಿಲು ತೆರೆದ ಮುದುಕಿ ಕನ್ನಡಕ ಸರಿಮಾಡಿಕೊಂಡರು.

"ಅರೇ, ನಮ್ಮ ಇನಾಸ್."

ಇನಾಸನ ಹಿಮ್ಮಡಿಗಳು ತಾವಾಗಿಯೇ ಕೂಡಿದವು. "ಜೀ, ಮೇಮ್‌ಸಾಬ್."

"ನಿನ್ನ ಗಂಡನಾ ಇವನು?" ಮುದುಕಿ ಹಿಂದಿಯಲ್ಲಿ ಕ್ಯಾರೊಲಿನ್‌ಗೆ ಹೇಳಿದರು. "ಪುಣ್ಯವಂತೆ ನೀನು. ನನ್ನ ಮಗನ ಕುಂಡೆ ತೊಳೆದು ಬೆಳೆಸಿದವನು. ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಡ್ತಿದ್ದ. ನನ್ನ ಸೀರೆಗೆ ಇವನಷ್ಟು ಚೆಂದ ಇಸ್ತ್ರಿ ಮತ್ತೆ ಯಾರೂ ಮಾಡಲಿಲ್ಲ."

ಕ್ಯಾರೊಲಿನ್ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಗಡಿಯಲ್ಲಿ ಇದ್ದರಲ್ಲ?" ಎಂದು ಮುದುಕಿಯನ್ನೇ ಕೇಳಿದಳು.

"ಮೊದಲು ಎರಡು ವರ್ಷ, ಅಷ್ಟೇ. ಆಮೇಲೆ ಎಲ್ಲಿ ನಿಲ್ಲಿಸೋದು ಹೇಳು? ಪರೇಡಿನ ಸಾಲಲ್ಲಿ ಇವನೊಬ್ಬನೇ ಬೇರೆ ಕಾಣ್ತಿದ್ದ. ಅಣಕು ಕಾಳಗ ನಡೆದರೆ ಪ್ರತಿ ಸಲ ಶತ್ರು ಇವನೇ. ಮುಖಕ್ಕೆ ಬಳಿಯೋ ಬಣ್ಣದ ಖರ್ಚು ಉಳೀತು ಅಂತ ಹುಡುಗರು ನಗೋರು. ಪಾಪ ಅನ್ನಿಸಿ ಸಾಹೇಬರು ಮನೆಗೇ ಕರಕೊಂಡರು. ನಮ್ಮ ನಂತರ ಬಂದ ಸಾಹೇಬರೂ ಇವನನ್ನು ಬಿಡಲಿಲ್ಲ." ಮುದುಕಿಯ ದನಿ ತುಂಬ ಪ್ರೀತಿಯಿತ್ತು. "ಇನಾಸ್, ನಿನ್ನ ಶುಂಠಿ ಚಹಾ ಕುಡಿಸಪ್ಪ."

ಅವನು ಅಡುಗೆಮನೆಗೆ ನಡೆದ. ಕ್ಯಾರೊಲಿನ್ ಫ್ರಿಜ್ಜಿಗೆ ಒರಗಿ ನಿಂತಳು. ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದೆಂದು ಕೇಳುವ ಮನುಷ್ಯ ಶುಂಠಿ ಜಜ್ಜಿದ, ಚಹಾ ಸೋಸಿದ, ಕಟ್ಟೆ ಒರೆಸಿ ಬಟ್ಟೆಯನ್ನು ಹಿಂಡಿ ನಲ್ಲಿಯ ಮೇಲೆ ಹರವಿದ.

"ಶುಕ್ರವಾರ ಮಗನ ಗೆಸ್ಟ್‌ಗಳು ಬರ್ತಾರೆ. ಬಂದು ಅಡುಗೆ ನೋಡ್ಕೋ," ಎಂದರು ಮುದುಕಿ.

"ಜೀ, ಮೇಮ್‌ಸಾಬ್."

ಇಗರ್ಜಿ ತಪ್ಪಿತು. ಮೆಟ್ರೊದಲ್ಲಿ ಅವಳು ಕೇಳಿದಳು, "ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಯುದ್ಧದಾಗ ಸೀರಿ ಗೆದ್ದೆ ಅಂತನಾ?" ಇನಾಸ್ ಕಿಟಕಿಯತ್ತ ತಿರುಗಿ ಹೇಳಿದ, "ಅಲ್ಲಿ ಸಿಪಾಯಿ ಆಗಾಕ ಬಿಡಲಿಲ್ಲ. ಮನ್ಯಾಗಾದ್ರೂ ಆಗೋಣು ಅನ್ಕೊಂಡೆ."

ಅವಳು ಅವನ ತೋಳಿನ ಮೇಲೆ ಕೈಯಿಟ್ಟಳು. ಬೆನ್ನಿಗೇ ಹಳೆಯದೊಂದು ನೆನಪಾಯಿತು. ಅವಳು ಟೈಫಾಯ್ಡ್ ಬಂದು ಮಲಗಿದ್ದ ವರ್ಷ ಇನಾಸ್ ರಜೆಯಲ್ಲಿ ಮನೆಯಲ್ಲೇ ಇದ್ದ. ಮಗಳು ಸ್ಟೇಸಿ ಸಿಕ್ಕುಗಟ್ಟಿದ ತಲೆಯಲ್ಲೇ ಶಾಲೆಗೆ ಹೋಗಿ ಬೈಸಿಕೊಂಡು ಬಂದಿದ್ದಳು.

"ಜಡಿ ಹಾಕಾಕ ಬರ್ತಿತ್ತು ನಿಮಗ," ಎಂದಳು.

ಅವನು ಮೊಣಕಾಲ ಮೇಲಿನ ಪ್ಯಾಂಟಿನ ಗೆರೆ ಸವರಿದ.

"ಹಂಗಾದ್ರ ನಮ್ಮ ಮನಿ ಇನಾಸ್ ನಾನು," ಎಂದಳು ಕ್ಯಾರೊಲಿನ್.

ಕೋಣೆಗೆ ಬಂದವಳೇ ಇಸ್ತ್ರಿಪೆಟ್ಟಿಗೆಯ ಪ್ಲಗ್ ಚುಚ್ಚಿದಳು. ಅವನ ಸೆಕ್ಯುರಿಟಿ ಪ್ಯಾಂಟನ್ನು ಹಾಸಿದಳು.

"ಶುಕ್ರವಾರ ನೀವು ಹೋಗೂದಿಲ್ಲ. ಮೇಮ್‌ಸಾಬಿಗೆ ನಾನೇ ಹೇಳ್ತೀನಿ."

"ನಿನ್ನ ಕೆಲಸ ಹೋಗ್ತೈತಿ."

"ಹೋಗ್ಲಿ. ಅಲ್ಲಿ ಮಾಡಿದ್ದು ಸಾಕು. ಇಲ್ಲಿ ಮಾಡ್ರಿ."

ಇನಾಸ್ ಇಸ್ತ್ರಿಪೆಟ್ಟಿಗೆಯ ಕಾವನ್ನು ಬೆರಳಲ್ಲಿ ನೋಡಿದ. ಆಮೇಲೆ ನೀರು ಚಿಮುಕಿಸಿ, ಹೊಲಿಗೆಗೆ ಹೊಲಿಗೆ ಕೂಡಿಸಿ ಒಮ್ಮೆ ಎಳೆದ. ಗೆರೆ ಬ್ಲೇಡಿನಂತೆ ಎದ್ದು ನಿಂತಿತು. ಎಷ್ಟು ವರ್ಷ ತಿಕ್ಕಿದರೂ ಅವಳ ಕೈಗೆ ಬಾರದ ಗೆರೆ. ಅಭ್ಯಾಸಬಲದಿಂದ ಪ್ಯಾಂಟನ್ನು ಬೆಳಕಿಗೆ ಹಿಡಿಯಲು ಹೋದವನು ಅವಳ ಕಣ್ಣು ಕಂಡು ಕೈ ಇಳಿಸಿದ.

ಕ್ಯಾರೊಲಿನ್ ಬುಟ್ಟಿಯಿಂದ ತನ್ನ ಕೆಲಸದ ಅಂಗಿಯನ್ನು ತೆಗೆದು ಅವನ ಮುಂದೆ ಹಾಸಿದಳು.